ಆಪರೇಷನ್ ಆಗಿ ಐದು ವಾರ, ಮಂಡಿ ಯಾಕೆ ಮಡಚುತ್ತಿಲ್ಲ?

ಪ್ರಶ್ನೆ: ನನಗೆ 63 ವರ್ಷ. ಬಿಪಿ, ಶುಗರ್ ಎರಡೂ ಇದೆ. ವಿಜಯನಗರದಲ್ಲಿ ಎರಡನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ಎಡ ಮಂಡಿಯ ಕೀಲು ಬದಲಾಯಿಸಿ ಐದು ವಾರವಾಯಿತು. ಫಿಸಿಯೋ ಎರಡು ವಾರ ಮನೆಗೆ ಬಂದರು, ಆಮೇಲೆ ನಾವೇ ಸಾಕು ಅಂದೆವು. ಈಗ ಮಗ ಸಂಜೆ ಆಫೀಸಿನಿಂದ ಬಂದು ಕಾಲು ಹಿಡಿದು ಒತ್ತಿ ಮಡಚುತ್ತಾನೆ. ಜೀವ ಹೋಗುವಷ್ಟು ನೋವು. ಬೆಳಗ್ಗೆ ಮುಕ್ಕಾಲು ಗಂಟೆ ವಾಕಿಂಗ್ ಮಾಡುತ್ತೇನೆ. ಮಂಡಿ ಕೆಳಗೆ ದಿಂಬು ಇಟ್ಟುಕೊಂಡರೆ ಮಾತ್ರ ರಾತ್ರಿ ನಿದ್ದೆ ಬರುತ್ತದೆ. ಕಿಡ್ನಿಗೆ ಕೆಟ್ಟದ್ದು ಅಂತ ನೋವಿನ ಮಾತ್ರೆ ಬಿಟ್ಟಿದ್ದೇನೆ. ಹೋದ ವಾರ ಡಾಕ್ಟರ್ ಅಳೆದು 80 ಡಿಗ್ರಿ ಅಂದರು. ನನ್ನ ಜೊತೆಗೇ ಆಪರೇಷನ್ ಆದ ಎದುರು ಮನೆಯವರಿಗೆ 110 ಬಂದಿದೆಯಂತೆ. ನನ್ನ ಮಂಡಿ ಮುಂಚೆಯೂ ನಾಲ್ಕೈದು ವರ್ಷದಿಂದ ಸರಿಯಾಗಿ ಮಡಚುತ್ತಿರಲಿಲ್ಲ. ಇದು ಹೀಗೇ ಹಿಡಿದುಕೊಂಡುಬಿಡುತ್ತದಾ? ಎಣ್ಣೆ ಹಚ್ಚಿ ಶಾಖ ಕೊಡಬಹುದಾ? ಗೌರಿ ಹಬ್ಬಕ್ಕೆ ಎರಡು ತಿಂಗಳಿದೆ. ಅಷ್ಟರಲ್ಲಿ ನೆಲದ ಮೇಲೆ ಕೂತು ಪೂಜೆ ಮಾಡೋಕೆ ಆಗುತ್ತದಾ?

ಉತ್ತರ: ಅಮ್ಮ, ಮೊದಲು ಒಂದು ಮಾತು. ನಿಮ್ಮ ಮಂಡಿ ಕೆಟ್ಟುಹೋಗಿಲ್ಲ. ಐದು ವಾರಕ್ಕೆ 80 ಡಿಗ್ರಿ ಕಡಿಮೆಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸರಿ ಮಾಡಿಕೊಳ್ಳಲು ಇನ್ನೂ ಸಮಯವಿದೆ. ಬೆಂಗಳೂರಿನಲ್ಲಿ 22 ವರ್ಷದಿಂದ ಮಂಡಿ ಆಪರೇಷನ್ ಆದವರ ಜೊತೆಗೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪತ್ರದಲ್ಲಿ ನನಗೆ ಸೋಮಾರಿತನ ಎಲ್ಲೂ ಕಾಣಲಿಲ್ಲ. ನೀವು ಕಷ್ಟಪಡುತ್ತಿದ್ದೀರಿ, ಜಾಸ್ತಿಯೇ ಕಷ್ಟಪಡುತ್ತಿದ್ದೀರಿ. ಆ ಕಷ್ಟವೆಲ್ಲ ಊತಕ್ಕೆ ಹೋಗುತ್ತಿದೆ, ಮಡಚುವುದಕ್ಕೆ ಸಿಗುತ್ತಿಲ್ಲ.

ಎದುರು ಮನೆಯವರ ವಿಷಯ ಮೊದಲು ಮುಗಿಸಿಬಿಡೋಣ. ಆಪರೇಷನ್ ಆದ ಮಂಡಿ ಕೊನೆಗೆ ಎಷ್ಟು ಮಡಚುತ್ತದೆ ಅನ್ನುವುದು ಬಹಳ ಮಟ್ಟಿಗೆ ಆಪರೇಷನ್‌ಗೆ ಮುಂಚೆ ಎಷ್ಟು ಮಡಚುತ್ತಿತ್ತು ಅನ್ನುವುದರ ಮೇಲಿದೆ. ನಾಲ್ಕೈದು ವರ್ಷ ನಿಮ್ಮ ಮಂಡಿ ಪೂರ್ತಿ ಮಡಚಿರಲಿಲ್ಲ ಅಂದರೆ ತೊಡೆಯ ಮುಂದಿನ ಸ್ನಾಯು, ಕೀಲಿನ ಸುತ್ತಲ ಪದರ ಎಲ್ಲ ಗಿಡ್ಡವಾಗಿ ಬಿಗಿದುಕೊಂಡಿರುತ್ತವೆ. ಡಾಕ್ಟರ್ ಸವೆದ ಮೂಳೆಯ ತುದಿ ತೆಗೆದು ಲೋಹ, ಪ್ಲಾಸ್ಟಿಕ್ ಕೂರಿಸಿದ್ದಾರೆ. ಆದರೆ ಸ್ನಾಯು ಹಳೆಯದೇ ಅಲ್ವಾ? ಅದಕ್ಕೆ ಹೊಸದಾಗಿ ಉದ್ದವಾಗುವುದನ್ನು ಕಲಿಸಬೇಕು. ಅವರ ಸ್ನಾಯು ಕಲಿತದ್ದು ನಿಮ್ಮದಕ್ಕೆ ಸ್ವಲ್ಪ ತಡವಾಗಬಹುದು. ಇನ್ನು ಮೇಲೆ ಅವರ ಲೆಕ್ಕ ಕೇಳಬೇಡಿ.

80, 110 ಅಂದರೆ ಏನು ಅಂತ ಒಂದು ಅಂದಾಜು ಇರಲಿ. ಕಾಲು ಪೂರ್ತಿ ನೀಡಿದರೆ ಸೊನ್ನೆ. ಕುರ್ಚಿಯಲ್ಲಿ ಕೂತಾಗ ಪಾದ ಮಂಡಿಯ ನೇರ ಕೆಳಗೆ ಬಂದರೆ 90. ಸಮ ನೆಲದಲ್ಲಿ ನಡೆಯಲು ಸುಮಾರು 65 ಸಾಕು. ಮೆಟ್ಟಿಲು ಹತ್ತಿ ಇಳಿಯಲು 85ರಿಂದ 100 ಬೇಕು. ಮಾಮೂಲಿ ಕುರ್ಚಿಯಿಂದ ಕೈ ಊರದೆ ಏಳಲು ಹೆಚ್ಚುಕಡಿಮೆ 100. ಕುಕ್ಕರಗಾಲಿನಲ್ಲಿ ಕೂರಲು 130ಕ್ಕೂ ಮೇಲೆ. ಕೀಲು ಬದಲಾದ ಮಂಡಿಗಳು ಸಾಮಾನ್ಯವಾಗಿ 110ರಿಂದ 120ರ ಹತ್ತಿರ ನಿಲ್ಲುತ್ತವೆ. ಅಷ್ಟು ಬಂದರೆ ಬೆಂಗಳೂರಿನ ದಿನದ ಬದುಕಿಗೆ ಧಾರಾಳ.

ಈ ಲೆಕ್ಕದಲ್ಲೇ ನಿಮ್ಮ ವಾಕಿಂಗ್‌ನ ಸಮಸ್ಯೆ ಇದೆ, ನೋಡಿ. ನಡೆಯಲು 65 ಸಾಕು. ನಿಮಗೆ ಆಗಲೇ 80 ಇದೆ. ಅಂದರೆ ಎಷ್ಟು ದೂರ ನಡೆದರೂ ಮಂಡಿ 80 ದಾಟುವ ಪ್ರಸಂಗವೇ ಬರುವುದಿಲ್ಲ. ನಡಿಗೆಯಿಂದ ರಕ್ತ ಓಡಾಡುತ್ತದೆ, ಧೈರ್ಯ ಬರುತ್ತದೆ, ಅದು ಬೇಕೇ ಬೇಕು. ಆದರೆ ಐದನೇ ವಾರದಲ್ಲಿ ಒಂದೇ ಸಲಕ್ಕೆ ಮುಕ್ಕಾಲು ಗಂಟೆ ನಡೆದು, ಆಮೇಲೆ ಎರಡು ಮಹಡಿ ಹತ್ತಿದರೆ ಮಂಡಿ ಊದಿಕೊಳ್ಳುತ್ತದೆ. ಆ ಊತ ಇಳಿಯುವಷ್ಟರಲ್ಲಿ ಸಂಜೆಯಾಗುತ್ತದೆ, ಮಗ ಬರುತ್ತಾನೆ. ಹಾಗಾಗಿ ನಡಿಗೆಯನ್ನು ಎಂಟು ಹತ್ತು ನಿಮಿಷದ ನಾಲ್ಕು ತುಂಡು ಮಾಡಿ. ಮನೆಯೊಳಗೇ, ಹಜಾರದಿಂದ ಅಡುಗೆಮನೆಗೆ, ವಾಪಸ್. ರಸ್ತೆಗೆ ಈಗಲೇ ಇಳಿಯುವುದು ಬೇಡ. ನಮ್ಮ ಫುಟ್‌ಪಾತಿನ ಚಪ್ಪಡಿ ಎಲ್ಲಿ ಅಲುಗಾಡುತ್ತದೆ ಅಂತ ಹೇಳಲಾಗದು.

ಊತದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಕೀಲಿ ಇರುವುದು ಇಲ್ಲೇ. ಬಿಸಿನೀರಿನ ಬ್ಯಾಗ್ ನಿಮ್ಮ ಮನೆಯಲ್ಲಿ ಇರಬಹುದು. ಅದನ್ನು ಕಂಠಪೂರ್ತಿ ತುಂಬಿ ಮುಚ್ಚಳ ಹಾಕಿ, ಮಧ್ಯಕ್ಕೆ ಮಡಚಲು ನೋಡಿ. ಆಗುವುದಿಲ್ಲ. ಅರ್ಧ ನೀರು ಚೆಲ್ಲಿದರೆ ಸುಲಭವಾಗಿ ಮಡಚುತ್ತದೆ. ಮಂಡಿಯ ಕೀಲೂ ಒಂದು ಮುಚ್ಚಿದ ಚೀಲವೇ. ಅದರಲ್ಲಿ ನೀರು ತುಂಬಿದ್ದರೆ ಯಾರು ಎಷ್ಟು ಒತ್ತಿದರೂ ಒಂದು ಹಂತದ ಮೇಲೆ ಮಡಚುವುದಿಲ್ಲ. ಇನ್ನೊಂದು ವಿಷಯವಿದೆ. ಕೀಲಿನಲ್ಲಿ ನೀರು ಇರುವವರೆಗೂ ನರಗಳು ತೊಡೆಯ ಮುಂದಿನ ದೊಡ್ಡ ಸ್ನಾಯುವಿಗೆ ‘ಸುಮ್ನಿರು’ ಅಂತ ಹೇಳುತ್ತಲೇ ಇರುತ್ತವೆ. ನೀವು ಮನಸ್ಸು ಮಾಡಿದರೂ ಸ್ನಾಯು ಪೂರ್ತಿ ಎಚ್ಚರವಾಗುವುದಿಲ್ಲ. ಕಾಲು ಎತ್ತಲು ಆಗುತ್ತಿಲ್ಲ, ತೊಡೆ ಸೊರಗಿದೆ ಅಂತ ಎಲ್ಲರೂ ಹೇಳುವುದು ಇದಕ್ಕೇ.

ಈಗ ಮಗನ ವಿಷಯ. ಅವರು ಪ್ರೀತಿಯಿಂದಲೇ ಮಾಡುತ್ತಿದ್ದಾರೆ, ನನಗೆ ಗೊತ್ತು. ಅಮ್ಮನ ಕಾಲು ಸರಿಹೋಗಲಿ ಅಂತ ದಣಿದು ಬಂದ ಮೇಲೂ ಕೂರುವ ಮಗ ಇರುವುದು ನಿಮ್ಮ ಪುಣ್ಯ. ಆದರೆ ಇವತ್ತಿನಿಂದ ಒತ್ತುವುದನ್ನು ನಿಲ್ಲಿಸಲು ಹೇಳಿ. ನೋವಾದ ಕೂಡಲೇ ನಿಮ್ಮ ತೊಡೆ ಎದುರು ಬಿಗಿಯುತ್ತದೆ. ಅವರು ಒಂದು ಕಡೆ ಒತ್ತುತ್ತಾರೆ, ನಿಮ್ಮ ಸ್ನಾಯು ಇನ್ನೊಂದು ಕಡೆ ಎಳೆಯುತ್ತದೆ. ಆ ಜಗ್ಗಾಟದಲ್ಲಿ ಗಾಯದ ಎಳೆಗಳು ಹರಿದು ಒಳಗೆ ಮತ್ತೆ ನೀರು ತುಂಬುತ್ತದೆ. ಮರುದಿನ ಬೆಳಗ್ಗೆ ಮಂಡಿ ಹಿಂದಿನ ದಿನಕ್ಕಿಂತ ಬಿಗಿ. ಹೋಳಿಗೆಗೆ ಕಣಕ ನೆನೆಸುತ್ತೀರಲ್ಲ, ಹಾಗೆ ನೋಡಿ. ಅವಸರಕ್ಕೆ ಎಳೆದರೆ ಹರಿಯುತ್ತದೆ. ನಿಧಾನಕ್ಕೆ ತಟ್ಟಿದರೆ ಕಾಗದದಷ್ಟು ತೆಳ್ಳಗೆ ಬರುತ್ತದೆ. ಆಪರೇಷನ್ ಆದ ಮೊದಲ ಮೂರು ತಿಂಗಳು ಮಂಡಿಯೊಳಗಿನ ಗಾಯದ ಪದರ ಆ ಕಣಕದ ಹದದಲ್ಲಿರುತ್ತದೆ. ಮಗನಿಗೆ ಬೇರೆ ಕೆಲಸ ಕೊಡಿ, ಮುಂದೆ ಹೇಳುತ್ತೇನೆ.

ಮೊದಲ ಐದು ದಿನ ಊತ ಇಳಿಸುವುದೇ ದೊಡ್ಡ ಕೆಲಸ ಅಂತ ಇಟ್ಟುಕೊಳ್ಳಿ. ದಿನಕ್ಕೆ ಮೂರು ನಾಲ್ಕು ಸಲ ಮಲಗಿ, ಪಾದ ಎದೆಯ ಮಟ್ಟಕ್ಕಿಂತ ಮೇಲೆ ಬರುವ ಹಾಗೆ ಕಾಲು ಎತ್ತಿಡಿ. ದಿಂಬುಗಳು ಮೀನಖಂಡ ಮತ್ತು ಹಿಮ್ಮಡಿಯ ಕೆಳಗೆ ಇರಲಿ, ಮಂಡಿಯ ಕೆಳಗೆ ಬೇಡ. ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿರಿ. ಮಂಡಿಯ ಮೇಲೆ 15 ನಿಮಿಷ ಐಸ್ ಇಡಿ. ನಮ್ಮಲ್ಲಿ ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಮಾಡಿ ಫ್ರೀಜರಿನಲ್ಲಿ ಇಡುತ್ತಾರಲ್ಲ, ಆ ಪ್ಯಾಕೆಟ್ ಅಥವಾ ಬಟಾಣಿ ಪ್ಯಾಕೆಟ್ ಐಸ್ ಗಡ್ಡೆಗಿಂತ ಚೆನ್ನಾಗಿ ಮಂಡಿಯ ಆಕಾರಕ್ಕೆ ಕೂರುತ್ತದೆ. ಒಂದು ಪ್ಯಾಕೆಟ್ ಇದಕ್ಕೇ ಮೀಸಲಿಡಿ, ಅದನ್ನು ಅಡುಗೆಗೆ ಬಳಸಬೇಡಿ. ತೆಳು ಟವೆಲ್ ಸುತ್ತಿಯೇ ಇಡಬೇಕು. ಹೊಲಿಗೆಯ ಹೊರಬದಿಯಲ್ಲಿ ಒಂದಿಷ್ಟು ಜಾಗ ಜೋಮು ಹಿಡಿದಂತೆ ಇರುತ್ತದೆ. ಆಪರೇಷನ್‌ನಲ್ಲಿ ಚರ್ಮದ ಸಣ್ಣ ನರ ತುಂಡಾಗುವುದರಿಂದ ಹಾಗಾಗುತ್ತದೆ, ಹೆದರಬೇಡಿ. ಆದರೆ ಅಲ್ಲಿ ತಣ್ಣಗೆ ಜಾಸ್ತಿಯಾದರೂ ನಿಮಗೆ ಗೊತ್ತಾಗದು. ಶುಗರ್ ಬೇರೆ ಇದೆ. ಐದು ನಿಮಿಷಕ್ಕೊಮ್ಮೆ ಟವೆಲ್ ಸರಿಸಿ ಚರ್ಮ ನೋಡಿ. ಊತ ಇಳಿಯುತ್ತಿದೆಯೋ ಇಲ್ಲವೋ ಅನ್ನುವುದಕ್ಕೆ ಟೈಲರ್ ಟೇಪ್ ಸಾಕು. ಬೆಳಗ್ಗೆ ಎದ್ದಾಗ, ರಾತ್ರಿ ಮಲಗುವಾಗ, ಮಂಡಿ ಚಿಪ್ಪಿನ ನಡುಮಧ್ಯಕ್ಕೆ ಸುತ್ತಿ ಅಳೆದು ಕ್ಯಾಲೆಂಡರ್ ಮೇಲೆ ಬರೆಯಿರಿ. ಇದು ಮಗನ ಮೊದಲ ಕೆಲಸ.

ಎಣ್ಣೆ ಮತ್ತು ಶಾಖ ಕೇಳಿದಿರಿ. ಮಂಡಿ ಮುಟ್ಟಿದರೆ ಬೆಚ್ಚಗಿದ್ದು ಊದಿಕೊಂಡಿರುವಾಗ ಶಾಖ ಬೇಡವೇ ಬೇಡ, ಊತ ಇನ್ನೂ ಹೆಚ್ಚುತ್ತದೆ. ಮೀನಖಂಡಕ್ಕೆ ಜೋರಾಗಿ ತಿಕ್ಕಿಸಿಕೊಳ್ಳುವುದಂತೂ ಅಪಾಯ. ಆಪರೇಷನ್ ಆದ ಮೊದಲ ವಾರಗಳಲ್ಲಿ ಅಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇರುತ್ತದೆ. ಹೊಲಿಗೆ ಪೂರ್ತಿ ಒಣಗಿ, ಹೊಪ್ಪಳೆ ಉದುರಿದ ಮೇಲೆ, ಡಾಕ್ಟರ್ ಸರಿ ಅಂದರೆ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಗಾಯದ ಗೆರೆಯ ಮೇಲೆ ಮೆಲ್ಲಗೆ ಸುತ್ತಿಸಬಹುದು. ಚರ್ಮ ಕೆಳಗಿನ ಪದರಕ್ಕೆ ಅಂಟಿಕೊಳ್ಳದಿರಲು ಅದು ಒಳ್ಳೆಯದು.

ನೋವಿನ ಮಾತ್ರೆ ನೀವೇ ನಿಲ್ಲಿಸಿದ್ದು ನನಗೆ ಬೇಸರವಾಯಿತು. ನಿಮ್ಮ ಭಯ ಸುಳ್ಳಲ್ಲ. ಕೆಲವು ನೋವಿನ ಮಾತ್ರೆಗಳು ಬಿಪಿ, ಶುಗರ್ ಇರುವವರ ಕಿಡ್ನಿಗೆ ಒಳ್ಳೆಯದಲ್ಲ. ಆದರೆ ಎಲ್ಲವೂ ಹಾಗಲ್ಲ. ‘ನನ್ನ ಕಿಡ್ನಿಗೆ ಹೊಂದುವ ಮಾತ್ರೆ ಯಾವುದು, ಎಷ್ಟು ದಿನ’ ಅಂತ ಡಾಕ್ಟರನ್ನೇ ಕೇಳಿ. ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ತೆಗೆದುಕೊಂಡರೆ ಮಂಡಿ ಹೆದರದೆ ಮಡಚುತ್ತದೆ. ನೋವು ತಡೆದುಕೊಂಡರೆ ಬೇಗ ವಾಸಿಯಾಗುತ್ತದೆ ಅನ್ನುವುದು ಈ ಆಪರೇಷನ್‌ನಲ್ಲಿ ನಿಜವಲ್ಲ.

ಇನ್ನು ದಿಂಬು. ನೀವು ಕೇಳಿದ್ದು ಮಡಚುವುದರ ಬಗ್ಗೆ ಮಾತ್ರ. ಆದರೆ ನಿಮ್ಮ ಪತ್ರದಲ್ಲಿ ನನಗೆ ತುಂಬ ಚಿಂತೆ ತಂದದ್ದು ಆ ದಿಂಬು. ರಾತ್ರಿ ಏಳೆಂಟು ಗಂಟೆ ಮಂಡಿ ಅರೆಮಡಚಿದ ಹಾಗೇ ಇದ್ದರೆ ಹಿಂಭಾಗ ಗಿಡ್ಡವಾಗಿ, ಕಾಲು ಪೂರ್ತಿ ನೇರ ಆಗುವುದಿಲ್ಲ. 110 ಮಡಚದಿದ್ದರೂ ಬದುಕು ನಡೆಯುತ್ತದೆ. ನೇರ ಆಗದಿದ್ದರೆ ಪ್ರತಿ ಹೆಜ್ಜೆಗೂ ಕುಂಟು, ತೊಡೆಗೆ ಆಯಾಸ, ಆಮೇಲೆ ಸೊಂಟನೋವು. ಈಗಲೇ ಪರೀಕ್ಷೆ ಮಾಡಿ. ಗಟ್ಟಿ ಮಂಚದ ಮೇಲೆ ಕಾಲು ನೀಡಿ ಕೂತು ಮಂಡಿಯ ಕೆಳಗೆ ಕೈ ತೂರಿಸಿ. ಬಲ ಮಂಡಿಯ ಕೆಳಗೆ ಕೈ ಹೋಗದೆ ಎಡದ ಕೆಳಗೆ ಸಲೀಸಾಗಿ ಹೋದರೆ, ಕಾಲು ನೇರವಾಗುತ್ತಿಲ್ಲ ಅಂತಲೇ ಅರ್ಥ. ಹಾಗಿದ್ದರೆ ಟವೆಲ್ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗಿಡಿ, ಮಂಡಿ ಗಾಳಿಯಲ್ಲಿ ತೂಗಿ ತಾನೇ ಕೆಳಗಿಳಿಯಲಿ. ಐದು ನಿಮಿಷದಿಂದ ಶುರುಮಾಡಿ ಹತ್ತಕ್ಕೆ ಹೋಗಿ, ದಿನಕ್ಕೆ ನಾಲ್ಕು ಸಲ. ಆಮೇಲೆ ಟವೆಲ್ ತೆಗೆದು, ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ ಐದು ಎಣಿಸಿ ಬಿಡಿ, ಹತ್ತು ಸಲ. ರಾತ್ರಿ ನಿದ್ದೆಗೆ ಬೇಕಾದರೆ ಬಲ ಮಗ್ಗುಲಿಗೆ ಮಲಗಿ ಎರಡು ಕಾಲಿನ ಮಧ್ಯೆ ದಿಂಬು ಇಟ್ಟುಕೊಳ್ಳಿ. ಎರಡು ಮೂರು ರಾತ್ರಿ ಕಷ್ಟವಾಗುತ್ತದೆ, ದಯವಿಟ್ಟು ಬಿಡಬೇಡಿ.

ಮಡಚುವ ವ್ಯಾಯಾಮ ದಿನಕ್ಕೆ ಒಂದು ಸಲ ಜೋರಾಗಿ ಬೇಡ, ನಾಲ್ಕೈದು ಸಲ ಹತ್ತು ನಿಮಿಷದಂತೆ ಮಾಡಿ. ನನಗೆ ತುಂಬ ಇಷ್ಟವಾದದ್ದು ಕುರ್ಚಿಯ ವ್ಯಾಯಾಮ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಲ್ಲಿ ಕೂತು, ಎಡ ಪಾದವನ್ನು ಎಷ್ಟು ಹಿಂದಕ್ಕೆ ಬರುತ್ತದೋ ಅಷ್ಟು ಎಳೆದುಕೊಳ್ಳಿ. ಬಲ ಪಾದವನ್ನು ಎಡ ಪಾದದ ಗೆಣ್ಣಿನ ಮುಂದೆ ಅಡ್ಡ ಇಡಿ. ಈಗ ಎಡಗಾಲನ್ನು ನೀಡುವವರ ಹಾಗೆ ಮುಂದಕ್ಕೆ ಮೆಲ್ಲಗೆ ಒತ್ತಿ, ಬಲಗಾಲು ತಡೆಯಲಿ. ಐದು ಎಣಿಸಿ. ಬಿಡಿ. ಉಸಿರು ಬಿಡುತ್ತಾ ಬಲಗಾಲಿನಿಂದ ಎಡಗಾಲನ್ನು ಹಿಂದಕ್ಕೆ ತಳ್ಳಿ. ಆಗಲೇ ಒಂದು ಬೆರಳಷ್ಟು ಹೆಚ್ಚು ಹೋಗಿರುತ್ತದೆ. ಕೆಲಸ ಮಾಡಿ ಬಿಟ್ಟ ಸ್ನಾಯು ತುಸು ಹೊತ್ತು ಸಡಿಲವಾಗಿರುತ್ತದೆ, ನಾವು ಆ ಗಳಿಗೆಯನ್ನು ಬಳಸಿಕೊಳ್ಳುತ್ತಿದ್ದೇವೆ. ಅಲ್ಲೇ 20ರಿಂದ 30 ಎಣಿಸುವವರೆಗೆ ನಿಲ್ಲಿ. ಅಲ್ಲಿಗೂ ಸಾಲದಿದ್ದರೆ ಪಾದ ಅಲುಗದಂತೆ ಊರಿ, ಕೂತಲ್ಲೇ ಕುರ್ಚಿಯ ಅಂಚಿಗೆ ಸ್ವಲ್ಪ ಮುಂದೆ ಸರಿಯಿರಿ. ಮಂಡಿ ತಾನೇ ಮಡಚಿಕೊಳ್ಳುತ್ತದೆ. ಬಿಗಿ ಎಷ್ಟು ಬೇಕೋ ಅಷ್ಟು ನಿಮ್ಮ ಕೈಯಲ್ಲೇ ಇರುತ್ತದೆ, ಇನ್ನೊಬ್ಬರ ಕೈಯಲ್ಲಿ ಅಲ್ಲ.

ಮಂಚದ ಮೇಲೆ ಹಿಮ್ಮಡಿ ಎಳೆದುಕೊಳ್ಳುವ ವ್ಯಾಯಾಮ ನಿಮ್ಮ ಫಿಸಿಯೋ ಹೇಳಿಕೊಟ್ಟಿರುತ್ತಾರೆ. ಬೆಡ್‌ಶೀಟ್ ತಡೆಯುತ್ತದೆ ಅಂತ ಬಹಳ ಜನ ಅದನ್ನು ಬಿಡುತ್ತಾರೆ. ಹಿಮ್ಮಡಿಯ ಕೆಳಗೆ ಪ್ಲಾಸ್ಟಿಕ್ ಕವರ್ ಹಾಕಿ, ಪಾದಕ್ಕೆ ಹಳೇ ಕಾಟನ್ ಸೀರೆಯ ತುಂಡು ಸುತ್ತಿ ಎರಡೂ ಕೈಯಿಂದ ಎಳೆಯಿರಿ. ಮೆಟ್ಟಿಲೂ ನಿಮಗೆ ಅನುಕೂಲವೇ. ಕಂಬಿ ಗಟ್ಟಿಯಾಗಿ ಹಿಡಿದು ಎಡ ಪಾದ ಮೊದಲ ಮೆಟ್ಟಿಲ ಮೇಲಿಟ್ಟು ಮೈಯನ್ನು ಮುಂದಕ್ಕೆ ವಾಲಿಸಿ, 20 ಎಣಿಸಿ. ಮಗ ಹಿಂದೆ ನಿಂತಿರಲಿ, ಇದು ಅವರ ಎರಡನೇ ಕೆಲಸ. ಮಹಡಿ ಹತ್ತಿ ಇಳಿಯುವಾಗ ಮಾತ್ರ ಕ್ರಮ ಮರೆಯಬೇಡಿ: ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ಎಡಗಾಲು ಮೊದಲು. ಬಾಡಿಗೆಗೆ ಸಿಗುವ ಕಾಲು ಮಡಚುವ ಮಷಿನ್ ತರಿಸಬೇಕಾ ಅಂತ ಬಹಳ ಮನೆಯವರು ಕೇಳುತ್ತಾರೆ. ಅದರಿಂದ ಕೊನೆಗೆ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಆ ದುಡ್ಡನ್ನು ಫಿಸಿಯೋಗೆ ಇಡಿ.

ಎಷ್ಟು ನೋವು ಸರಿ, ಎಷ್ಟು ತಪ್ಪು? ಮಡಚಿ ಹಿಡಿದಾಗ ಎಳೆತ, ಉರಿ ಇರುತ್ತದೆ. ಬಿಟ್ಟ ಮೇಲೆ ಒಂದು ಗಂಟೆಯೊಳಗೆ ಇಳಿದರೆ ಸರಿ. ಮರುದಿನ ಬೆಳಗ್ಗೆ ಟೇಪಿನ ಅಳತೆ ಹಿಂದಿನ ಬೆಳಗ್ಗೆಗಿಂತ ಜಾಸ್ತಿ ಇದ್ದರೆ ನಿನ್ನೆ ಅತಿಯಾಯಿತು ಅಂತ ಅರ್ಥ. ಅವತ್ತು ಎಳೆತ ಅರ್ಧಕ್ಕೆ ಇಳಿಸಿ, ಐಸ್ ಹೆಚ್ಚಿಸಿ. ಪೂರ್ತಿ ನಿಲ್ಲಿಸಬೇಡಿ.

ಅಳತೆಗೆ ಡಿಗ್ರಿ ನೋಡುವ ಉಪಕರಣ ಬೇಡ. ಚಾಮರಾಜಪೇಟೆಯ ಹಳೇ ಮನೆಯೊಂದರಲ್ಲಿ ಒಬ್ಬ ಅಜ್ಜಿ ತೋರಿಸಿದ ದಾರಿ ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಅವರ ಕುರ್ಚಿಯ ನಾಲ್ಕು ಕಾಲಿಗೂ ಕೆಂಪು ಗಾರೆ ನೆಲದ ಮೇಲೆ ಗುರುತು ಇತ್ತು, ಕುರ್ಚಿ ದಿನಾ ಅಲ್ಲೇ ಬರಬೇಕು. ಬೆನ್ನು ಕುರ್ಚಿಗೆ ಒರಗಿಸಿ ಪಾದ ಹಿಂದಕ್ಕೆ ಎಳೆದು, ಹೆಬ್ಬೆರಳ ತುದಿಗೆ ಮೊಮ್ಮಗಳು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಮೊದಲ ವಾರದ ಗೆರೆಗಳು ಒಂದರ ಮೇಲೊಂದು ಬಿದ್ದು ಬೆಳ್ಳಗೆ ಪಟ್ಟಿಯಾಗಿದ್ದವು. ಎರಡು ಗೆರೆಗಳಂತೂ ಮುಂದಕ್ಕೇ ಬಂದಿದ್ದವು. ಹತ್ತನೇ ದಿನದ ಹೊತ್ತಿಗೆ ಪಟ್ಟಿ ಒಡೆದು ಗೆರೆಗಳು ಬೇರೆ ಬೇರೆಯಾಗಿ ಕುರ್ಚಿಯ ಕೆಳಕ್ಕೆ ನಡೆದವು. ಮನೆ ಕೆಲಸದವರಿಗೆ ಆ ಜಾಗ ಒರೆಸಬೇಡ ಅಂತ ಕಟ್ಟುನಿಟ್ಟಾಗಿ ಹೇಳಿದ್ದರು. ನಿಮ್ಮ ಮನೆಯಲ್ಲಿ ಟೈಲ್ಸ್ ಇದ್ದರೆ ಇನ್ನೂ ಸುಲಭ, ಟೈಲಿನ ಅಂಚೇ ಗುರುತು. ದಿನಾ ಒಂದೇ ಹೊತ್ತಿಗೆ ನೋಡಿ. ಬೆಳಗ್ಗೆ ಮಂಡಿ ಬಿಗಿ ಇರುತ್ತದೆ, ಮಧ್ಯಾಹ್ನಕ್ಕೆ ಸಡಿಲ. ಬೆಳಗಿನ ಗೆರೆಯನ್ನು ಸಂಜೆಯದಕ್ಕೆ ಹೋಲಿಸಿದರೆ ಸುಮ್ನೆ ಮನಸ್ಸಿಗೆ ಗೊಂದಲ.

ಇಷ್ಟೆಲ್ಲ ಮನೆಯಲ್ಲೇ ಮಾಡಿ ಅಂತ ಹೇಳಿದರೂ ಎರಡು ಕೆಲಸ ಈ ವಾರವೇ ಆಗಬೇಕು. ಒಂದು, ಫಿಸಿಯೋ ಮತ್ತೆ ಶುರುವಾಗಬೇಕು, ವಾರಕ್ಕೆ ಎರಡು ಮೂರು ಸಲವಾದರೂ. ಮಂಡಿ ಚಿಪ್ಪನ್ನು ಪಕ್ಕಕ್ಕೆ, ಮೇಲೆ ಕೆಳಗೆ ಸರಿಸಿ ಸಡಿಲ ಮಾಡುವ ಕೆಲಸ ಕೈ ಪಳಗಿದವರೇ ಮಾಡಬೇಕು. ಚಿಪ್ಪು ಅಂಟಿಕೊಂಡಿದ್ದರೆ ನೀವು ಎಷ್ಟು ಎಳೆದರೂ ಮಡಚದು. ಮನೆಗೆ ಕರೆಸುವುದು ದುಬಾರಿಯಾದರೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯಂಥ ಸರ್ಕಾರಿ ಮೂಳೆ ಆಸ್ಪತ್ರೆಯಲ್ಲಿ ವಿಚಾರಿಸಿ. ಆಟೋದಲ್ಲಿ ಹೋಗುವಾಗ ಮೊದಲು ಸೀಟಿನ ಮೇಲೆ ಪಕ್ಕಕ್ಕೆ ಕೂತು, ಒಳಕ್ಕೆ ಸರಿದು, ಕೊನೆಗೆ ಎಡಗಾಲನ್ನು ಎತ್ತಿ ಒಳಗಿಟ್ಟುಕೊಳ್ಳಿ. ಎರಡನೆಯದು, ನಿಮ್ಮ ಸರ್ಜನ್ನನ್ನು ನೇರವಾಗಿ ಕೇಳಿ: ‘ಎಂಟನೇ ವಾರಕ್ಕೂ 90 ದಾಟದಿದ್ದರೆ ಏನು ಮಾಡೋಣ?’ ಹಾಗಾದರೆ ಅರಿವಳಿಕೆ ಕೊಟ್ಟು, ನೀವು ನಿದ್ದೆಯಲ್ಲಿರುವಾಗ ಮಂಡಿಯನ್ನು ಮಡಚಿ ಒಳಗಿನ ಅಂಟು ಬಿಡಿಸುವ ವಿಧಾನವಿದೆ. ಹೊಸದಾಗಿ ಕೊಯ್ಯುವುದಿಲ್ಲ. ಸಾಮಾನ್ಯವಾಗಿ 6ರಿಂದ 12 ವಾರದೊಳಗೆ ಇದನ್ನು ಯೋಚಿಸುತ್ತಾರೆ. ಮೂರು ತಿಂಗಳು ದಾಟಿದರೆ ಪದರ ಗಟ್ಟಿಯಾಗಿ ಅದರ ಪ್ರಯೋಜನ ಕಡಿಮೆ. ನಿಮಗೆ ಅದು ಬೇಕಾಗದೆ ಇರಬಹುದು, ನನಗೆ ಆ ನಂಬಿಕೆ ಇದೆ. ಆದರೆ ‘ಇನ್ನೊಂದು ತಿಂಗಳು ನೋಡೋಣ’ ಅಂತ ಕಾದು ಆ ಸಮಯ ಕಳೆದುಕೊಂಡವರನ್ನು ಕಂಡಿದ್ದೇನೆ. ಅದು ನಿಮಗೆ ಆಗಬಾರದು.

ಮೀನಖಂಡ ಊದಿ ಮುಟ್ಟಿದರೆ ನೋವು, ಇದ್ದಕ್ಕಿದ್ದ ಹಾಗೆ ಏದುಸಿರು ಅಥವಾ ಎದೆನೋವು, ಚಳಿ ಜ್ವರ, ಗಾಯದಿಂದ ನೀರು ಅಥವಾ ಕೀವು, ನಿನ್ನೆ ಎತ್ತುತ್ತಿದ್ದ ಕಾಲು ಇವತ್ತು ಎತ್ತಲಾಗದೆ ಇರುವುದು: ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ. ಮಂಡಿಯೊಳಗೆ ‘ಟಕ್’ ಅನ್ನುವ ಸದ್ದು, ತಿಂಗಳುಗಟ್ಟಲೆ ತುಸು ಬೆಚ್ಚಗಿರುವುದು ಮಾಮೂಲು.

ಇನ್ನು ಗೌರಿ ಹಬ್ಬ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ಈ ವರ್ಷ ಬೇಡ. ಬರೀ ಮಡಚುವುದಷ್ಟೇ ಅಲ್ಲ, ಕೂತು ಏಳುವಾಗ ಮಂಡಿ ತಿರುಚುತ್ತದೆ, ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಮುಂದೆ ಯಾವತ್ತಾದರೂ ಕೂರಬಹುದಾ ಅಂತ ಸರ್ಜನ್ನನ್ನೇ ಕೇಳಿ, ಹಾಕಿರುವ ಕೀಲಿನ ಮೇಲೂ ಅದು ಹೋಗುತ್ತದೆ. ಈ ಸಲ ಮಂಟಪವನ್ನು ಊಟದ ಟೇಬಲ್ ಎತ್ತರಕ್ಕೆ ಕಟ್ಟಿಸಿ. ಎರಡೂ ಕಡೆ ಕೈ ಇರುವ ಕುರ್ಚಿ ಹಾಕಿಸಿಕೊಂಡು, ಅರಿಶಿನ ಕುಂಕುಮ, ಹೂವಿನ ತಟ್ಟೆ ಎಲ್ಲ ಬಲಗೈಗೆ ಎಟುಕುವ ಹಾಗೆ ಇಟ್ಟುಕೊಳ್ಳಿ. ಪೂಜೆ ಉದ್ದವಾದರೆ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಕುರ್ಚಿಯಲ್ಲಿ ಕೂತಾಗ ಎಡ ಪಾದವನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡೇ ಕೂರಿ.